ಎದುರಾಳಿಯ ಬಾಯಲ್ಲಿ ನಮ್ಮವರ ಮಾತು: ಅಣು ವಿವಾದಗಳಲ್ಲಿ ಟೀಕಾಕಾರರ ಹೆಸರು ಯಾಕೆ ಬರುತ್ತದೆ?

ಇರಾನ್ ಅಣು ವಿವಾದದ ಸುದ್ದಿ ಓದುತ್ತಿದ್ದರೆ ಒಂದು ವಿಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಮೆರಿಕ ಸರ್ಕಾರಕ್ಕೆ ಉತ್ತರ ಕೊಡುವಾಗ ಟೆಹರಾನ್‌ನವರು ತಮ್ಮ ವಾದವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ನಿಮ್ಮದೇ ಸಂಸದರು, ನಿಮ್ಮದೇ ಅಧಿಕಾರಿಗಳು ಹೀಗೆ ಹೇಳಿದ್ದಾರಲ್ಲ ಎಂದು ಎತ್ತಿ ತೋರಿಸುತ್ತಾರೆ. ಅಷ್ಟಾದ ಕೂಡಲೇ ವಾಷಿಂಗ್ಟನ್‌ನಲ್ಲಿ ಆಡಳಿತ ಪಕ್ಷದವರು ಎದ್ದು ನಿಲ್ಲುತ್ತಾರೆ: ನೋಡಿ, ವಿರೋಧ ಪಕ್ಷದವರ ಬಾಯಲ್ಲಿ ಬರುವುದು ಇರಾನಿನ ಮಾತೇ.

ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುತ್ತ ಪೇಪರ್ ಓದುವವರಿಗೆ ಇದರಿಂದ ಎರಡು ಪ್ರಶ್ನೆ ಹುಟ್ಟುವುದು ಸಹಜ. "ಅವ್ರ ಮಂದಿನೇ ಹಿಂಗಂತಾರಂದ್ರ ಖರೇನೇ ಇರಬೇಕಲ್ರೀ?" ಅನ್ನುವುದು ಒಂದು. "ವೈರಿಗೆ ಅನುಕೂಲ ಆಗೂವಂಥಾ ಮಾತು ಯಾಕ ಆಡಬೇಕ್ರೀ ಇವ್ರು?" ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎರಡಕ್ಕೂ ನಾವು ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರ ತಪ್ಪು. ಯಾಕೆ ಅನ್ನುವುದನ್ನು ತಿಳಿಯಲು ಇರಾನಿಗೆ ಹೋಗುವ ಮೊದಲು ಖಾನಾಪುರಕ್ಕೆ ಹೋಗಿಬರುವುದು ಒಳ್ಳೆಯದು.

ಮಹದಾಯಿಯ ಆ ಪತ್ರ

ಕಳಸಾ, ಬಂಡೂರಿ ಹಳ್ಳಗಳು ಹರಿಯುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಆ ನೀರಿಗಾಗಿ ಕರ್ನಾಟಕ ಮತ್ತು ಗೋವಾ ನ್ಯಾಯಮಂಡಳಿಯ ಮುಂದೆ ವಾದ ಮಾಡುತ್ತಿದ್ದವು. 2017ರ ಡಿಸೆಂಬರ್‌ನಲ್ಲಿ ಗೋವಾ ಮುಖ್ಯಮಂತ್ರಿ ಮನೋಹರ ಪರಿಕ್ಕರ್ ಒಂದು ಪತ್ರ ಬರೆದರು. ಕುಡಿಯುವ ನೀರಿನ ಮಟ್ಟಿಗೆ ಮಾತುಕತೆಗೆ ತಯಾರಿದ್ದೇವೆ ಎಂಬ ಅರ್ಥದ ಪತ್ರ. ಅದು ಬಂದದ್ದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿಗಲ್ಲ. ಆಗ ರಾಜ್ಯ ಬಿಜೆಪಿ ಅಧ್ಯಕ್ಷರಾಗಿದ್ದ ಬಿ.ಎಸ್. ಯಡಿಯೂರಪ್ಪನವರ ಹೆಸರಿಗೆ. ವಿಧಾನಸಭೆ ಚುನಾವಣೆಗೆ ಇನ್ನು ಐದು ತಿಂಗಳಿತ್ತು.

ಕಾಂಗ್ರೆಸ್ಸಿನವರು ಸರ್ಕಾರಕ್ಕೆ ಬರೆಯಬೇಕಾದ ಪತ್ರವನ್ನು ಪಕ್ಷಕ್ಕೆ ಬರೆದದ್ದು ಯಾಕೆ ಎಂದು ಕೇಳಿದರು. ಬಿಜೆಪಿಯವರು ನಾವಾದರೂ ಪ್ರಯತ್ನ ಮಾಡಿದೆವಲ್ಲ ಎಂದರು. ರೈತರು ಬೆಂಗಳೂರಿಗೆ ಹೋಗಿ ಬಿಜೆಪಿ ಕಚೇರಿ ಮುಂದೆ ಧರಣಿ ಕೂತರು. ಕೊನೆಗೆ 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿಕೆ ಮಾಡಿದ್ದು ವಾದ ಮತ್ತು ದಾಖಲೆಗಳನ್ನು ನೋಡಿ. ಪತ್ರ ಯಾರ ಹೆಸರಿಗೆ ಬಂತು ಅನ್ನುವುದನ್ನು ನೋಡಿ ಅಲ್ಲ.

ಗೋವಾ ನಮ್ಮ ವೈರಿಯಲ್ಲ, ಮಹದಾಯಿ ಬಾಂಬೂ ಅಲ್ಲ. ಆದರೆ ಲೆಕ್ಕ ಒಂದೇ. ಇಬ್ಬರ ನಡುವೆ ಚೌಕಾಸಿ ನಡೆಯುವಾಗ ಎದುರಿನ ಮನೆಯೊಳಗಿನ ಜಗಳ ಒಂದು ಆಯುಧವಾಗುತ್ತದೆ.

ಮನೆಯವನ ಸಾಕ್ಷಿಗೆ ಬೆಲೆ ಜಾಸ್ತಿ

ನಮ್ಮ ಮೇಲೆ ದಾವೆ ಹೂಡಿದವನು ಏನು ಹೇಳಿದರೂ ಜನ ಪೂರ್ತಿ ನಂಬುವುದಿಲ್ಲ. ನಮ್ಮ ತಮ್ಮನೇ ಬಂದು ಅವನ ಪರ ಸಾಕ್ಷಿ ಹೇಳಿದರೆ? ಆಗ ಊರೇ ತಲೆದೂಗುತ್ತದೆ. ಸ್ವಂತ ಅಣ್ಣನ ವಿರುದ್ಧ ಸುಳ್ಳು ಹೇಳೋಕೆ ಇವನಿಗೇನು ಬಂದಿದೆ ಅಂದುಕೊಳ್ಳುತ್ತಾರೆ. ಅಣ್ಣ ತಮ್ಮಂದಿರ ನಡುವೆ ಹಿಸೆ ಪಾಲಿನ ಜಗಳ ಇರುವುದನ್ನು ಯಾರೂ ಕೇಳುವುದಿಲ್ಲ.

ದೇಶಗಳ ನಡುವೆಯೂ ಹೀಗೆಯೇ. ವಿರೋಧ ಪಕ್ಷದ ನಾಯಕ ಸರ್ಕಾರವನ್ನು ಟೀಕಿಸುವುದು ತನ್ನ ಮತದಾರರಿಗಾಗಿ, ತನ್ನ ಚುನಾವಣೆಗಾಗಿ. ಎದುರಾಳಿ ದೇಶ ಆ ಮಾತನ್ನು ಎತ್ತಿಕೊಂಡಾಗ ಆ ಹಿನ್ನೆಲೆ ಉದುರಿಹೋಗುತ್ತದೆ. ಮನೆಯವನೇ ಒಪ್ಪಿಕೊಂಡ ಸತ್ಯದ ಹಾಗೆ ಅದು ಕಾಣತೊಡಗುತ್ತದೆ. ಖರ್ಚೂ ಇಲ್ಲ. ಗೂಢಚಾರ ಬೇಡ, ದಾಖಲೆ ಬೇಡ, ಪತ್ರಿಕೆಯ ತುಣುಕು ಸಾಕು.

ಇನ್ನೊಂದು ಲಾಭವೂ ಇದೆ. ಅಣು ಮಾತುಕತೆಗಳು ವರ್ಷಗಟ್ಟಲೆ ನಡೆಯುತ್ತವೆ. ಎದುರಿನ ಸರ್ಕಾರ ಬದಲಾಗಬಹುದು ಅನ್ನಿಸಿದರೆ ಕಾಯುವುದೇ ಒಂದು ತಂತ್ರ. ಟೀಕಾಕಾರನನ್ನು ಉದಾಹರಿಸುವುದೆಂದರೆ, ನಿನ್ನ ನಂತರ ಬರುವವನನ್ನು ನಾನು ಬಲ್ಲೆ ಎಂದು ಈಗಿನವನಿಗೆ ತಿಳಿಸಿದ ಹಾಗೆ.

ವಿಜಯಪುರದವರಿಗೆ ಇದರ ಹಳೆಯ ರೂಪ ಗೊತ್ತಿರಬೇಕು. ಆದಿಲ್‌ಶಾಹಿ ದರ್ಬಾರಿನಲ್ಲಿ ದಖನಿ ಸರದಾರರಿಗೂ ಅಫ್ಘನ್ ಸರದಾರರಿಗೂ ಬಿದ್ದ ಜಗಳವನ್ನು ಮೊಗಲರು ವರ್ಷಗಟ್ಟಲೆ ಬಳಸಿಕೊಂಡರು. 1685ರಲ್ಲಿ ಔರಂಗಜೇಬನ ಸೈನ್ಯ ಕೋಟೆ ಸುತ್ತುವ ಹೊತ್ತಿಗೆ ಒಳಗಿನ ಗೋಡೆ ಯಾವಾಗಲೋ ಬಿರುಕು ಬಿಟ್ಟಿತ್ತು.

47 ಸಹಿಗಳ ಕಥೆ

ಈಗ ಇರಾನ್. ಯುರೇನಿಯಂ ಸಂವರ್ಧನೆ ಅಂದರೆ ಯುರೇನಿಯಂನಲ್ಲಿ ಉರಿಯುವ ಭಾಗದ ಪ್ರಮಾಣ ಹೆಚ್ಚಿಸುತ್ತ ಹೋಗುವುದು. ವಿದ್ಯುತ್ ಸ್ಥಾವರಕ್ಕೆ ಶೇ 3ರಿಂದ 5 ಸಾಕು. ಬಾಂಬಿಗೆ ಸುಮಾರು ಶೇ 90 ಬೇಕು. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಆದ ಒಪ್ಪಂದ ಇರಾನಿಗೆ ಶೇ 3.67ರ ಮಿತಿ ಹಾಕಿತು, 300 ಕಿಲೋಗಿಂತ ಹೆಚ್ಚು ದಾಸ್ತಾನು ಇಡಬಾರದು ಎಂದಿತು. ಬದಲಿಗೆ ನಿರ್ಬಂಧಗಳು ಸಡಿಲವಾದವು. ಒಂದು ಕಡೆ ಇರಾನ್, ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ.

ಒಪ್ಪಂದಕ್ಕೆ ನಾಲ್ಕು ತಿಂಗಳ ಮುಂಚೆ, ಅದೇ ಮಾರ್ಚ್ 9ರಂದು, ಅಧ್ಯಕ್ಷ ಒಬಾಮಾ ಅವರ ವಿರೋಧಿ ರಿಪಬ್ಲಿಕನ್ ಪಕ್ಷದ 47 ಸೆನೆಟರ್‌ಗಳು, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಯ ಸದಸ್ಯರು, ಇರಾನಿನ ನಾಯಕರಿಗೆ ಬಹಿರಂಗ ಪತ್ರ ಬರೆದಿದ್ದರು. ಬರೆಸಿದವರು ಅವರಲ್ಲೇ ಒಬ್ಬರಾದ ಟಾಮ್ ಕಾಟನ್. ಪತ್ರದಲ್ಲಿ ಇದ್ದದ್ದು ಒಂದು ಎಚ್ಚರಿಕೆ: ಸೆನೆಟ್ ಒಪ್ಪದ ಕರಾರು ಬರೀ ಒಬಾಮಾ ಅವರ ಕರಾರು. ಮುಂದೆ ಬರುವ ಅಧ್ಯಕ್ಷ ಒಂದು ಸಹಿಯಲ್ಲಿ ಅದನ್ನು ಮುರಿಯಬಹುದು.

ಒಬಾಮಾಗೆ ಸಿಟ್ಟು ಬಂತು. ನಮ್ಮ ಕೆಲವು ಸಂಸದರು ಇರಾನಿನ ಕಟ್ಟರ್‌ಗಳ ಜೊತೆ ಸೇರಿಕೊಂಡ ಹಾಗಿದೆ ಎಂದರು. ಆಗಸ್ಟ್‌ನಲ್ಲಿ ಒಂದು ಭಾಷಣದಲ್ಲಿ ಅದೇ ಮಾತನ್ನು ಇನ್ನೂ ಖಾರವಾಗಿ ಹೇಳಿದರು. ಇರಾನಿನ ವಿದೇಶಾಂಗ ಸಚಿವ ಜವಾದ್ ಝರೀಫ್ ಪತ್ರವನ್ನು ಪ್ರಚಾರದ ತಂತ್ರ ಎಂದು ತಳ್ಳಿಹಾಕಿದರು. ಸರ್ಕಾರ ಬದಲಾದರೆ ದೇಶದ ಅಂತರರಾಷ್ಟ್ರೀಯ ಬಾಧ್ಯತೆ ಮುಗಿಯುವುದಿಲ್ಲ ಎಂದು ಪಾಠವನ್ನೂ ಹೇಳಿದರು.

ಮುಂದೆ ಆದದ್ದು ಗೊತ್ತೇ ಇದೆ. 2018ರ ಮೇ 8ರಂದು ಟ್ರಂಪ್ ಅಮೆರಿಕವನ್ನು ಒಪ್ಪಂದದಿಂದ ಹೊರಗೆ ತಂದರು. ಪತ್ರ ಬರೆದವರ ಉದ್ದೇಶ ಏನೇ ಇರಲಿ, ಪತ್ರದಲ್ಲಿದ್ದ ಮಾತು ನಿಜವಾಯಿತು.

ಅದರ ಪೆಟ್ಟು ಬಿದ್ದದ್ದು ಬೈಡನ್ ಕಾಲದಲ್ಲಿ. 2021ರಲ್ಲಿ ವಿಯೆನ್ನಾದಲ್ಲಿ ಮತ್ತೆ ಮಾತುಕತೆ ಶುರುವಾದಾಗ ಇರಾನ್ ಒಂದು ಖಾತರಿ ಕೇಳಿತು: ಮುಂದಿನ ಅಧ್ಯಕ್ಷ ಮತ್ತೆ ಮುರಿಯುವುದಿಲ್ಲ ಎಂದು ಬರೆದು ಕೊಡಿ. ಅದು ಬೈಡನ್ ಕೈಯಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಪಕ್ಕಾ ಸಂಧಿ ಆಗಬೇಕಾದರೆ ಸೆನೆಟ್‌ನ ಮೂರನೇ ಎರಡು ಭಾಗ, ಅಂದರೆ ಎಲ್ಲರೂ ಹಾಜರಿದ್ದರೆ 67 ಮತ ಬೇಕು. ಅಷ್ಟು ಮತ ಯಾರ ಬಳಿಯೂ ಇಲ್ಲ. ಇತ್ತ ಇರಾನ್ 2021ರ ಏಪ್ರಿಲ್‌ನಿಂದಲೇ ಶೇ 60ರವರೆಗೆ ಸಂವರ್ಧನೆ ಶುರು ಮಾಡಿತ್ತು. 2025ರ ಜೂನ್ 13ರಂದು ಇಸ್ರೇಲ್ ದಾಳಿ ಆರಂಭಿಸುವ ಹೊತ್ತಿಗೆ ಆ ಮಟ್ಟದ 440.9 ಕಿಲೋ ಯುರೇನಿಯಂ ಇತ್ತು ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಂದಾಜು ಮಾಡಿದೆ. ಜೂನ್ 22ರಂದು ಇರಾನಿನ ಅಣು ಕೇಂದ್ರಗಳಾದ ಫೋರ್ಡೋ, ನತಾಂಜ್, ಇಸ್ಫಹಾನ್ ಮೇಲೆ ಅಮೆರಿಕದ ಬಾಂಬುಗಳು ಬಿದ್ದವು.

ಇದಕ್ಕೆಲ್ಲ ಆ ಪತ್ರವೇ ಕಾರಣ ಅಂತಲ್ಲ. ಪತ್ರ ಒಂದು ಬಿರುಕನ್ನು ತೋರಿಸಿತು, ಅಷ್ಟೇ. ಬಿರುಕು ಮೊದಲೇ ಇತ್ತು.

ಪಾತ್ರಧಾರಿಗಳು ಬದಲಾದರೆ ಸಂಭಾಷಣೆಯೂ ಬದಲು

ಇದನ್ನು ಒಂದೇ ಪಕ್ಷದ ಚಾಳಿ ಅಂದುಕೊಳ್ಳಬಾರದು. 2018ರಲ್ಲಿ ಜಾಗಗಳು ಅದಲು ಬದಲಾದವು. ಹಿಂದಿನ ವಿದೇಶಾಂಗ ಸಚಿವ ಜಾನ್ ಕೆರಿ, ಅಧಿಕಾರ ಬಿಟ್ಟ ಮೇಲೂ ಝರೀಫ್ ಅವರನ್ನು ಮೂರು ನಾಲ್ಕು ಸಲ ಭೇಟಿ ಮಾಡಿದ್ದಾಗಿ ಒಪ್ಪಿಕೊಂಡರು. ಈಗ ಸಿಟ್ಟಾಗುವ ಸರದಿ ಟ್ರಂಪ್ ಅವರದು. ಖಾಸಗಿ ವ್ಯಕ್ತಿ ವಿದೇಶದ ಜೊತೆ ಚೌಕಾಸಿ ಮಾಡಬಾರದು ಎನ್ನುವ 1799ರ ಲೋಗನ್ ಕಾಯ್ದೆಯ ಮಾತು ಎದ್ದಿತು. ಮೂರು ವರ್ಷದ ಹಿಂದೆ ಡೆಮಾಕ್ರಟಿಕ್ ಕಡೆಯವರು 47 ಸೆನೆಟರ್‌ಗಳ ವಿರುದ್ಧ ಎತ್ತಿದ್ದೂ ಇದೇ ಕಾಯ್ದೆಯನ್ನು. ಎರಡು ಶತಮಾನದಲ್ಲಿ ಈ ಕಾಯ್ದೆಯಡಿ ಒಬ್ಬರಿಗೂ ಶಿಕ್ಷೆ ಆಗಿಲ್ಲ. ಬೈಯಲಿಕ್ಕೆ ಮಾತ್ರ ಉಪಯೋಗ.

ಉತ್ತರ ಕೊರಿಯಾದ ಪ್ರಸಂಗ ಇನ್ನೂ ತಮಾಷೆಯದು. 2019ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಮಾಧ್ಯಮ ಜೋ ಬೈಡನ್ ಅವರನ್ನು ಬುದ್ಧಿ ಕಡಿಮೆಯವ ಎಂದು ಹೀಯಾಳಿಸಿತು. ಆಗ ಬೈಡನ್ ವಿರೋಧ ಪಕ್ಷದ ಅಭ್ಯರ್ಥಿ. ಟ್ರಂಪ್ ಅದನ್ನು ಖಂಡಿಸಲಿಲ್ಲ. ಓದಿ ನಗು ಬಂತು ಎಂದು ತಾವೇ ಬರೆದುಕೊಂಡರು. ಎದುರಾಳಿ ನಮ್ಮ ಟೀಕಾಕಾರನನ್ನು ಹೊಗಳಿದರೆ ದ್ರೋಹ, ಬೈದರೆ ಪ್ರಮಾಣಪತ್ರ!

ಹಳೆಯ ಉದಾಹರಣೆಯೂ ಇದೆ. 1982ರಲ್ಲಿ ಅಣ್ವಸ್ತ್ರ ತಯಾರಿ ನಿಲ್ಲಿಸಿ ಎಂದು ನ್ಯೂಯಾರ್ಕಿನಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಸೋವಿಯತ್ ಒಕ್ಕೂಟ ಅವರನ್ನು ಮೆಚ್ಚಿ ಮಾತಾಡಿತು. ಚಳವಳಿಯ ಹಿಂದೆ ವಿದೇಶಿ ಕೈ ಇದೆ ಎಂದು ಅಧ್ಯಕ್ಷ ರೇಗನ್ ಹೇಳಿದರು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನೋಡಿದಾಗ ಚಳವಳಿ ಸೋವಿಯತ್ ಹಿಡಿತದಲ್ಲಿ ಇದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ನಮ್ಮ ಮನೆಯದೂ ಇದೇ ಕಥೆ

ಭಾರತ ಮತ್ತು ಅಮೆರಿಕದ ಅಣು ಒಪ್ಪಂದ ನೆನಪಿದೆಯಾ? 2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಮತ್ತು ಬುಷ್ ಘೋಷಿಸಿದ್ದು. 2008ರ ಜುಲೈನಲ್ಲಿ ಎಡಪಕ್ಷಗಳು ಬೆಂಬಲ ವಾಪಸ್ ಪಡೆದವು. ಜುಲೈ 22ರಂದು ವಿಶ್ವಾಸಮತದಲ್ಲಿ ಸರ್ಕಾರ 275-256ರಲ್ಲಿ ಬಚಾವಾಯಿತು.

ಇಲ್ಲಿ ಟೀಕಾಕಾರರು ಮಾತುಕತೆಗೆ ಅಡ್ಡಿ ಮಾತ್ರ ಆಗಿರಲಿಲ್ಲ. ಹಲವು ಸಲ ಆಸರೆಯೂ ಆದರು. 2006ರ ಆರಂಭದಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಬಹಿರಂಗವಾಗಿಯೇ ಹೇಳಿದರು: ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ವೇಗದ ಬ್ರೀಡರ್ ರಿಯಾಕ್ಟರ್‌ಗಳನ್ನು ವಿದೇಶಿ ತಪಾಸಣೆಗೆ ಒಪ್ಪಿಸಬಾರದು. ಸಂಸತ್ತಿನಲ್ಲಿ ಬಿಜೆಪಿ ಮತ್ತು ಎಡಪಕ್ಷಗಳ ಗದ್ದಲ ಬೇರೆ. ದೆಹಲಿಯ ಅಧಿಕಾರಿಗಳಿಗೆ ವಾಷಿಂಗ್ಟನ್ ಮುಂದೆ ಹೇಳಲು ಒಂದು ಮಾತು ಸಿಕ್ಕಿತು: ಇದಕ್ಕಿಂತ ಜಾಸ್ತಿ ಬಿಟ್ಟುಕೊಟ್ಟರೆ ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ. ಜಾನುವಾರು ಸಂತೆಯಲ್ಲಿ, ಮನೆಯಲ್ಲಿ ಅಪ್ಪ ಬೈತಾನ್ರೀ ಅಂತ ರೇಟು ಹಿಡಿದು ನಿಲ್ಲುತ್ತಾರಲ್ಲ, ಹಾಗೆ. ಕೊನೆಗೆ 22 ರಿಯಾಕ್ಟರ್‌ಗಳಲ್ಲಿ 14 ಮಾತ್ರ ತಪಾಸಣೆಗೆ ಹೋದವು. ಬ್ರೀಡರ್ ಹೊರಗುಳಿಯಿತು. ಹೊರಗುಳಿದವುಗಳಲ್ಲಿ ನಮ್ಮ ಪಕ್ಕದ ಕೈಗಾದ ನಾಲ್ಕೂ ಘಟಕ ಸೇರಿವೆ.

ಅಮೆರಿಕದವರೂ ಭಾರತದ ವಿರೋಧ ಪಕ್ಷಗಳ ಮೇಲೆ ಒಂದು ಕಣ್ಣಿಟ್ಟಿದ್ದರು. ಭಾರತ ಮತ್ತೆ ಪರೀಕ್ಷೆ ನಡೆಸಿದರೆ ಸಹಕಾರ ನಿಲ್ಲಿಸುತ್ತೇವೆ ಎಂಬ ಅರ್ಥದ ಉತ್ತರಗಳನ್ನು ಅವರ ವಿದೇಶಾಂಗ ಇಲಾಖೆ 2008ರ ಆರಂಭದಲ್ಲೇ ತನ್ನ ಸಂಸದರಿಗೆ ಬರೆದುಕೊಟ್ಟಿತ್ತು. ಗುಟ್ಟಾಗಿಡಿ ಎಂದೂ ಕೇಳಿಕೊಂಡಿತ್ತು, ಹೊರಬಿದ್ದರೆ ದೆಹಲಿಯಲ್ಲಿ ಗದ್ದಲ ಆಗುತ್ತದೆ ಎಂದು. ಸೆಪ್ಟೆಂಬರ್ 2ರಂದು ಅಮೆರಿಕದ ಸಂಸದ ಹೊವರ್ಡ್ ಬರ್ಮನ್ ಅದನ್ನು ಬಯಲು ಮಾಡಿದರು. ಅಂದರೆ ಭಾರತದ ಟೀಕಾಕಾರರಿಗೆ ಅಸ್ತ್ರ ಕೊಟ್ಟವರು ಅಮೆರಿಕದ ಟೀಕಾಕಾರರು. ಆದರೂ ನಾಲ್ಕೇ ದಿನದಲ್ಲಿ ಅಣು ಇಂಧನ, ತಂತ್ರಜ್ಞಾನ ಮಾರುವ ದೇಶಗಳ ಕೂಟವಾದ ಅಣು ಪೂರೈಕೆದಾರರ ಗುಂಪು ತನ್ನ ನಿಯಮಗಳಿಂದ ಭಾರತಕ್ಕೆ ವಿನಾಯಿತಿ ಕೊಟ್ಟಿತು.

ಆಮೇಲೆ 2021ರಲ್ಲಿ ಮಾಜಿ ವಿದೇಶಾಂಗ ಕಾರ್ಯದರ್ಶಿ ವಿಜಯ್ ಗೋಖಲೆ, ಒಪ್ಪಂದದ ವಿರುದ್ಧ ಅಭಿಪ್ರಾಯ ಬೆಳೆಸಲು ಚೀನಾ ಎಡಪಕ್ಷಗಳ ಜೊತೆಗಿನ ನಂಟನ್ನು ಬಳಸಿಕೊಂಡಿತು ಎಂದು ಬರೆದರು. ಎಡಪಕ್ಷದವರು ಅಲ್ಲಗಳೆದರು. ಚೀನಾ ಬಳಸಿಕೊಳ್ಳಲು ನೋಡಿದ್ದರೆ ಆಶ್ಚರ್ಯವಿಲ್ಲ. ಆದರೆ 2008ರ ಜುಲೈ 22ರಂದು ಸರ್ಕಾರದ ವಿರುದ್ಧ ಮತ ಹಾಕಿದವರಲ್ಲಿ ಬಿಜೆಪಿಯವರೂ ಇದ್ದರು. ಒಂದೇ ಮತ ಒಬ್ಬರದ್ದಾದರೆ ಚೀನಾದ ಮಾತು, ಇನ್ನೊಬ್ಬರದ್ದಾದರೆ ದೇಶಪ್ರೇಮ ಆಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸುಲಭವಿಲ್ಲ.

ಪಾಕಿಸ್ತಾನದ ಪತ್ರದಲ್ಲಿ ಯಾರ ಯಾರ ಹೆಸರಿತ್ತು

2019ರ ಆಗಸ್ಟ್‌ನಲ್ಲಿ 370ನೇ ವಿಧಿ ರದ್ದಾದ ಮೇಲೆ ಪಾಕಿಸ್ತಾನದ ಮಾನವ ಹಕ್ಕುಗಳ ಸಚಿವೆ ಶಿರೀನ್ ಮಜಾರಿ ವಿಶ್ವಸಂಸ್ಥೆಗೆ ಪತ್ರ ಬರೆದರು. ಅದರಲ್ಲಿ ರಾಹುಲ್ ಗಾಂಧಿ ಹೇಳಿಕೆ ಇತ್ತು. ಟಿವಿಗಳಲ್ಲಿ ರಾತ್ರಿಯೆಲ್ಲ ಅದೇ ಚರ್ಚೆ. ಕಾಶ್ಮೀರ ಭಾರತದ ಆಂತರಿಕ ವಿಷಯ, ಪಾಕಿಸ್ತಾನಕ್ಕೆ ಇಲ್ಲಿ ಕೆಲಸವಿಲ್ಲ ಎಂದು ರಾಹುಲ್ ಸ್ಪಷ್ಟನೆ ಕೊಡಬೇಕಾಯಿತು.

ಜಾಸ್ತಿ ಚರ್ಚೆಯಾಗದ ಭಾಗ ಇನ್ನೊಂದಿತ್ತು. ಅದೇ ಪತ್ರದಲ್ಲಿ ಹರಿಯಾಣದ ಅಂದಿನ ಬಿಜೆಪಿ ಮುಖ್ಯಮಂತ್ರಿ ಮನೋಹರಲಾಲ್ ಖಟ್ಟರ್ ಅವರ ಮಾತೂ ಇತ್ತು. ಕಾಶ್ಮೀರಿ ಹೆಣ್ಣುಮಕ್ಕಳ ಬಗ್ಗೆ ಅವರು ಆಡಿದ್ದ ಹಗುರ ಮಾತು. ಎದುರಾಳಿಗೆ ನಮ್ಮ ಪಕ್ಷಭೇದ ಗೊತ್ತಿಲ್ಲ. ಯಾರ ಬಾಯಿಂದ ಉದುರಿದರೂ ಆರಿಸಿಕೊಳ್ಳುತ್ತಾನೆ.

ಅಣ್ವಸ್ತ್ರದ ವಿಷಯದಲ್ಲಂತೂ ಆಡಳಿತದಲ್ಲಿರುವವರ ಮಾತಿಗೇ ತೂಕ ಜಾಸ್ತಿ. ಮಹದಾಯಿ ಪತ್ರಕ್ಕೆ ಒಂದು ವರ್ಷ ಮೊದಲು, ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ, ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದು ಭಾರತ ಯಾಕೆ ಕೈಕಟ್ಟಿಕೊಳ್ಳಬೇಕು ಎಂದು ಕೇಳಿದ್ದರು. ಇದು ನನ್ನ ಸ್ವಂತ ಅಭಿಪ್ರಾಯ ಎಂದೂ ಸೇರಿಸಿದ್ದರು. 2019ರ ಆಗಸ್ಟ್ 16ರಂದು ರಾಜನಾಥ್ ಸಿಂಗ್, ಮುಂದೇನಾಗುತ್ತದೆ ಅನ್ನುವುದು ಪರಿಸ್ಥಿತಿಯ ಮೇಲೆ ನಿಂತಿದೆ ಎಂದರು. ಭಾರತದ ಅಣು ನೀತಿಯನ್ನು ನಂಬುವ ಹಾಗಿಲ್ಲ ಎಂಬ ಪಾಕಿಸ್ತಾನದ ಹಳೆಯ ವಾದಕ್ಕೆ ಈ ಮಾತುಗಳು ಗೊಬ್ಬರವಾದವು.

ಅರ್ಧ ಮಾತಿನ ಅಪಾಯ

ಇನ್ನು ಮೊದಲ ಪ್ರಶ್ನೆ. ಅವರ ಮಂದಿಯೇ ಹೇಳಿದರೆ ಅದು ನಿಜವೇ?

2025ರ ಮಾರ್ಚ್‌ನಲ್ಲಿ ಅಮೆರಿಕದ ಗುಪ್ತಚರ ಮುಖ್ಯಸ್ಥೆ ತುಳಸಿ ಗಬಾರ್ಡ್ ಸೆನೆಟ್ ಮುಂದೆ ಎರಡು ಮಾತು ಹೇಳಿದರು. ಇರಾನ್ ಈಗ ಬಾಂಬ್ ಕಟ್ಟುತ್ತಿಲ್ಲ ಎಂಬುದು ನಮ್ಮ ಅಂದಾಜು. ಆದರೆ ಅದರ ಬಳಿ ಇರುವ ಯುರೇನಿಯಂ ದಾಸ್ತಾನು ಅಣ್ವಸ್ತ್ರ ಇಲ್ಲದ ಯಾವ ದೇಶದಲ್ಲೂ ಕಾಣದಷ್ಟಿದೆ. ಜೂನ್‌ನಲ್ಲಿ ದಾಳಿ ಶುರುವಾದಾಗ ಯುದ್ಧ ಬೇಡವೆಂದವರು ಮೊದಲ ಮಾತನ್ನು ಹಿಡಿದರು, ಬೇಕೆಂದವರು ಎರಡನೆಯದನ್ನು. ಟ್ರಂಪ್ ಅವಳು ಹೇಳಿದ್ದು ನನಗೆ ಲೆಕ್ಕಕ್ಕಿಲ್ಲ ಎಂದುಬಿಟ್ಟರು. ಪೂರ್ತಿ ಹೇಳಿಕೆ ಓದಿದವರು ಕಡಿಮೆ.

ಇನ್ನೂ ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. 2002ರ ಆಗಸ್ಟ್‌ನಲ್ಲಿ ಇರಾನ್ ಸರ್ಕಾರದ ವಿರೋಧಿಗಳಾದ, ದೇಶದ ಹೊರಗಿದ್ದ ಒಂದು ಗುಂಪು ನತಾಂಜ್ ಮತ್ತು ಅರಾಕ್‌ನ ಗುಟ್ಟಿನ ಸ್ಥಾವರಗಳ ಸುದ್ದಿ ಬಯಲು ಮಾಡಿತು. ಆ ಗುಂಪಿನ ಹೆಸರು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಮರುವರ್ಷ ತಪಾಸಣೆಗಾರರು ನತಾಂಜ್‌ಗೆ ಹೋದಾಗ ಸುದ್ದಿ ನಿಜವಾಗಿತ್ತು. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ಸದ್ದಾಂ ಹುಸೇನ್‌ನ ವಿರೋಧಿಗಳು ಇರಾಕ್‌ನ ಶಸ್ತ್ರಗಳ ಬಗ್ಗೆ ಕೊಟ್ಟ ಮಾಹಿತಿಯನ್ನೂ ಅಮೆರಿಕ ಎತ್ತಿ ಹಿಡಿಯಿತು. 2003ರಲ್ಲಿ ಯುದ್ಧವೇ ಆಯಿತು. ಹುಡುಕಿದರೆ ಆ ಶಸ್ತ್ರಗಳು ಸಿಗಲಿಲ್ಲ. ಎರಡೂ ಕಡೆ ಸಾಕ್ಷಿ ಮನೆಯವನದೇ. ಒಂದು ಕಡೆ ಹೋಗಿ ನೋಡಿ ಖಾತ್ರಿ ಮಾಡಿದರು, ಇನ್ನೊಂದು ಕಡೆ ತಪಾಸಣೆ ಮುಗಿಯುವವರೆಗೆ ಕಾಯಲಿಲ್ಲ.

ಹಾಗಾಗಿ ಯಾರು ಹೇಳಿದರು ಅನ್ನುವುದಕ್ಕಿಂತ ಯಾರು ಪರೀಕ್ಷಿಸಿದರು ಅನ್ನುವುದು ಮುಖ್ಯ. ಟಿವಿ ಚರ್ಚೆಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರುವುದಿಲ್ಲ, ಅಲ್ವಾ?

ಗೆರೆ ಎಲ್ಲಿದೆ?

ಇಲ್ಲಿ ಎರಡು ನಿಲುವುಗಳಿವೆ. ಮಾತುಕತೆ ನಡೆಯುವಾಗ ದೇಶದ ದನಿ ಒಂದೇ ಇರಬೇಕು, ಬಿರುಕು ಕಂಡರೆ ಎದುರಾಳಿ ಹಟ ಹಿಡಿಯುತ್ತಾನೆ ಎನ್ನುತ್ತವೆ ಸರ್ಕಾರಗಳು. ಅಣ್ವಸ್ತ್ರದಂಥ ವಿಷಯವನ್ನೇ ಪ್ರಶ್ನಿಸಬಾರದೆಂದರೆ ಪ್ರಶ್ನಿಸುವುದು ಇನ್ನೇನನ್ನು ಎನ್ನುತ್ತಾರೆ ಟೀಕಾಕಾರರು. ಸರ್ಕಾರಗಳ ಭಯ ಪೂರ್ತಿ ಸುಳ್ಳಲ್ಲ, ಇರಾನ್ ಖಾತರಿ ಕೇಳಿದ್ದನ್ನು ನೋಡಿದೆವು. ಆದರೆ ಎದುರಾಳಿ ಉದಾಹರಿಸಿದ ಎಂಬ ಒಂದೇ ಕಾರಣಕ್ಕೆ ಪ್ರಶ್ನೆಯನ್ನೇ ಮುಚ್ಚಿಹಾಕಿದರೆ, ನಮ್ಮಲ್ಲಿ ಯಾವ ಪ್ರಶ್ನೆ ಏಳಬೇಕು ಅನ್ನುವುದನ್ನು ತೀರ್ಮಾನಿಸುವವನು ಎದುರಾಳಿಯೇ ಆಗುತ್ತಾನೆ. ಯಾವ ಪ್ರಶ್ನೆ ಸಾಯಬೇಕೋ ಅದನ್ನು ಅವನು ಒಮ್ಮೆ ಹೊಗಳಿದರೆ ಸಾಕು.

ಕಾಟನ್ ಪತ್ರದಲ್ಲಿ ನನಗೆ ಕಾಣುವ ತಪ್ಪು ಟೀಕೆಯಲ್ಲಿಲ್ಲ, ವಿಳಾಸದಲ್ಲಿದೆ. ಅದೇ ಮಾತನ್ನು ಸೆನೆಟ್‌ನಲ್ಲಿ ನಿಂತು ಹೇಳಿದ್ದರೆ ಅದು ಅವರ ಕೆಲಸ. ಟೆಹರಾನ್‌ಗೆ ಬರೆದಾಗ ಅವರು ಟೀಕಾಕಾರರಾಗಿ ಉಳಿಯದೆ ಪಕ್ಕದಲ್ಲಿ ಇನ್ನೊಂದು ಮಾತುಕತೆಯ ಮೇಜು ಹಾಕಿದ ಹಾಗಾಯಿತು. ಕೆರಿ ಭೇಟಿಗಳಿಗೂ ಇದೇ ಅಳತೆ ಹಿಡಿಯಬೇಕು.

ಭಾರತದಲ್ಲಿ ಇದಕ್ಕೊಂದು ಬೇರೆ ದಾರಿಯೂ ಆಗಿಹೋಗಿದೆ. 1994ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಮುಂದೆ ಕಾಶ್ಮೀರದ ವಿಷಯ ಎದ್ದಾಗ ಪ್ರಧಾನಿ ನರಸಿಂಹರಾಯರು ಭಾರತದ ತಂಡದ ಮುಖ್ಯಸ್ಥರನ್ನಾಗಿ ಕಳಿಸಿದ್ದು ವಿರೋಧ ಪಕ್ಷದ ನಾಯಕ ವಾಜಪೇಯಿ ಅವರನ್ನು. 2025ರ ಮೇನಲ್ಲಿ ಆಪರೇಷನ್ ಸಿಂಧೂರ ಆದ ಮೇಲೆ ಏಳು ಸರ್ವಪಕ್ಷ ನಿಯೋಗಗಳು ವಿದೇಶಗಳಿಗೆ ಹೋದವು, ಅದರಲ್ಲಿ ವಿರೋಧ ಪಕ್ಷಗಳ ಶಶಿ ತರೂರ್, ಕನಿಮೊಳಿ, ಸುಪ್ರಿಯಾ ಸುಳೆ ಇದ್ದರು. ಟೀಕಾಕಾರನೇ ದೇಶದ ವಕೀಲನಾದರೆ ಎದುರಾಳಿ ಉದಾಹರಿಸುವುದು ಯಾರನ್ನು?

ನಮ್ಮ ಜೇಬಿಗೇನು ಸಂಬಂಧ?

ಮಾತುಕತೆ ಮುರಿದರೆ ಮೊದಲು ಅಲುಗಾಡುವುದು ಇರಾನ್ ಪಕ್ಕದ ಹೋರ್ಮುಜ್ ಜಲಸಂಧಿ. ಜಗತ್ತಿನ ತೈಲದ ಸುಮಾರು ಐದನೇ ಒಂದು ಭಾಗ ಸಾಗುವ ದಾರಿ ಅದು. ಕತಾರ್‌ನಿಂದ ಬರುವ ಗ್ಯಾಸ್ ಕೂಡ ಅಲ್ಲಿಂದಲೇ ಬರಬೇಕು. ಅಡುಗೆ ಸಿಲಿಂಡರ್ ಇರಲಿ, ಬಾಗಲಕೋಟೆ, ಬೆಳಗಾವಿಯ ಕಬ್ಬಿಗೆ ಹಾಕುವ ಯೂರಿಯಾ ಇರಲಿ, ಎರಡೂ ಕೊಲ್ಲಿಯ ಕಡೆಯಿಂದ ಬರುವ ಮಾಲನ್ನು ನೆಚ್ಚಿಕೊಂಡಿವೆ. ಇರಾನ್ ತೈಲದ ದೊಡ್ಡ ಗಿರಾಕಿಯಾಗಿದ್ದ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್, 2019ರ ಮೇನಲ್ಲಿ ಇರಾನ್ ತೈಲ ಕೊಳ್ಳಲು ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಬೇರೆ ದೇಶಗಳ ತೈಲ ನೋಡಿಕೊಳ್ಳಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ನಿರ್ಬಂಧಗಳೂ ಇರಾನ್ ಮೇಲೆ ಮರಳಿ ಬಂದವು.

ಇನ್ನು ಮುಂದೆ ಯಾವುದೇ ಒಪ್ಪಂದ ಆದರೂ ಇರಾನ್ ಕೇಳುವ ಹಳೆಯ ಪ್ರಶ್ನೆ ಒಂದೇ: ನಿಮ್ಮ ನಂತರ ಬರುವವರು ಇದನ್ನು ಮುರಿಯುವುದಿಲ್ಲ ಅನ್ನುವುದಕ್ಕೆ ಏನು ಖಾತರಿ? 2015ರಲ್ಲಿ ಅಂಥ ಖಾತರಿ ಇಲ್ಲವೇ ಇಲ್ಲ ಎಂದು ಟೆಹರಾನ್‌ಗೆ ಬರೆದ 47 ಜನರಲ್ಲಿ ಫ್ಲಾರಿಡಾದ ಸೆನೆಟರ್ ಮಾರ್ಕೊ ರುಬಿಯೊ ಕೂಡ ಒಬ್ಬರು. 2025ರ ಜನವರಿಯಲ್ಲಿ ಅವರೇ ಅಮೆರಿಕದ ವಿದೇಶಾಂಗ ಸಚಿವರಾದರು.